ಎಡಗೈ ಎತ್ತಿದವರು

ನಾರ್ಬೋ,
ಸೆಪ್ಟೆಂಬರ್ ಮೊದಲ ದಿನ

ಟಾರ್ಪೇಯಾಳಿಂದ ಅವಳ ಸೋದರತ್ತೆ ಟಾರ್ಪೇಯಾಳಿಗೆ.

ಅತ್ತೆ, ಮೇಲಿನ ಸಾಲು ಬರೆದು ನನಗೇ ನಗು ಬಂತು. ಬರೆದವಳೂ ಟಾರ್ಪೇಯಾ, ಓದುವವಳೂ ಟಾರ್ಪೇಯಾ. ಹಡಗಿನವನು ವಿಳಾಸ ನೋಡಿ, "ಏನಮ್ಮ, ನಿನಗೆ ನೀನೇ ಕಾಗದ ಬರ್ಕೊಳ್ತೀಯಾ?" ಅಂತ ಕೇಳಿಯೇ ಕೇಳುತ್ತಾನೆ. ಗಂಡು ಹುಟ್ಟಿದರೆ ಕೂತು ಯೋಚಿಸಿ ಹೆಸರಿಡುವ ನಮ್ಮವರು, ಹೆಣ್ಣು ಹುಟ್ಟಿದರೆ ಮನೆತನದ ಹೆಸರನ್ನೇ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಅಮ್ಮ ಬದುಕಿದ್ದರೆ ಮನೆಯೊಳಗಾದರೂ ಬೇರೆ ಏನಾದರೂ ಕರೆಯುತ್ತಿದ್ದಳೋ ಏನೋ.

ಒಳ್ಳೆಯ ಸುದ್ದಿ ಮೊದಲು. ನನಗೆ ಗಂಡು ನೋಡಿದ್ದಾರೆ. ಡೆಸಿಮಸ್ ನ್ಯುಮಿಸಿಯಸ್ ಅಂತ. ಅವರ ಮುತ್ತಜ್ಜ ದಂಡಿನ ಜೊತೆ ಬಂದು ಇಲ್ಲಿ ಜಮೀನು ಪಡೆದವರು. ಈಗ ದ್ರಾಕ್ಷಿತೋಟ ಇದೆ, ಊರಸಭೆಯಲ್ಲಿ ಕುರ್ಚಿ ಇದೆ. ಹುಡುಗನದು ಮಾತು ಕಡಿಮೆ, ನಾನು ನೋಡಿದರೆ ಕಿವಿ ಕೆಂಪಾಗುತ್ತದೆ. ನನಗೆ ಅವನು ಇಷ್ಟ ಅತ್ತೆ, ಸುತ್ತಿ ಬಳಸಿ ಯಾಕೆ ಹೇಳಲಿ. ಅವನ ತಾಯಿ ಟಿಟಿನಿಯಾ ಪೂರ್ತಿ ಒಪ್ಪಿದರೆ ವಸಂತದಲ್ಲಿ ಉಂಗುರ ತೊಡಿಸುತ್ತಾರೆ.

ಆ "ಒಪ್ಪಿದರೆ"ಯಲ್ಲೇ ಇರುವುದು ಸಂಕಟ. ಇಲ್ಲಿನ ಸ್ನಾನದ ಮನೆಯಲ್ಲಿ ಹುಡುಗಿಯರು ನನ್ನನ್ನು ಕಂಡರೆ ಎಡಗೈ ಎತ್ತಿ, ಮುಂಗೈ ತಿರುಗಿಸಿ ತೋರಿಸುತ್ತಾರೆ. ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಏನೆಂದು ನನಗೆ ಗೊತ್ತಾಗದೆ ಒಂದು ಸಲ ನಾನೂ ನಕ್ಕುಬಿಟ್ಟೆ. ಆಮೇಲೆ ನಮ್ಮ ಅಡುಗೆಯವಳು ಹೇಳಿದಳು: ರೋಮಿನಲ್ಲಿ ದ್ರೋಹಿಗಳನ್ನು ತಳ್ಳಿ ಕೊಲ್ಲುವ ಬಂಡೆಯೊಂದಿದೆ, ಅದಕ್ಕೆ ನನ್ನ ಹೆಸರು, ಎಡಗೈ ಕಡಗಕ್ಕೆ ಆಸೆಪಟ್ಟು ಊರು ಮಾರಿದ ಹುಡುಗಿಯ ಹೆಸರು ಅಂತ.

ಹೋದ ವಾರ ಊಟಕ್ಕೆ ಕರೆದಿದ್ದಾಗ ಟಿಟಿನಿಯಾ ಅಪ್ಪನನ್ನು ನೇರವಾಗಿ ಕೇಳಿದರು, ಆ ಬಂಡೆಗೂ ನಿಮಗೂ ಏನು ಎಂದು. ಬಂಡೆಗೆ ಹೆಸರು ಬಂದದ್ದು ಗುಡ್ಡದಿಂದ, ಆ ಹುಡುಗಿ ಯಾರೋ ಏನೋ, ನಮ್ಮದು ಕಾನ್ಸಲ್ ಆಗಿ ರೋಮನ್ನು ಆಳಿದವರ ವಂಶ ಅಂತ ಹೇಳಿ ಅಪ್ಪ ಕೆಮ್ಮಿದ. ಅಪ್ಪನ ಆ ಕೆಮ್ಮು ನಿನಗೂ ಗೊತ್ತು, ನನಗೂ ಗೊತ್ತು.

ಆ ಬಂಡೆಯ ಕೆಳಗೇ ನೀನು ಇಷ್ಟು ವರ್ಷ ಬಾಳಿದ್ದೀಯ. ನಿಜ ಹೇಳು ಅತ್ತೆ. ಅವಳು ನಮ್ಮವಳಾ? ಮಾಡಿದ್ದು ಅದನ್ನೇನಾ?

ಇನ್ನೊಂದು ಮಾತು. ಟಿಟಿನಿಯಾ ಮನೆಯ ವ್ಯವಹಾರ ನೋಡಿಕೊಳ್ಳುವ ಫಿಲೆರೋಸ್ ಅನ್ನುವವನು ಫೆಬ್ರವರಿಯಲ್ಲಿ ರೋಮಿಗೆ ಬರುತ್ತಾನೆ. ನಿನ್ನ ಮನೆಯಲ್ಲೇ ಇಳಿದುಕೊಳ್ಳಲಿ ಅಂತ ಅಪ್ಪ ಹೇಳಿದ್ದಾನೆ.


ರೋಮ್, ನೊಗ ಮಾಡುವವರ ಬೀದಿ,
ಅಕ್ಟೋಬರ್ ನಡುದಿನ

ಹಿರಿಯ ಟಾರ್ಪೇಯಾಳಿಂದ ಕಿರಿಯಳಿಗೆ.

ಪುಟ್ಟೀ, ಹುಡುಗನ ಕಿವಿ ಕೆಂಪಾಗುತ್ತದೆ ಅಂದೆಯಲ್ಲ, ಅಷ್ಟು ಸಾಕು. ನಿನ್ನ ಮಾವನ ಕಿವಿ ಸಾಯುವತನಕ ಒಂದು ಸಲವೂ ಕೆಂಪಾಗಲಿಲ್ಲ. ಆದರೂ ಬಾಳ್ವೆ ಮಾಡಿದೆ.

ನೀನು ಕೇಳಿದ್ದಕ್ಕೆ ನೇರ ಉತ್ತರ: ಹೌದು, ನಮ್ಮವಳೇ. ಅವಳಿಗೆ ಮದುವೆಯಾಗಿರಲಿಲ್ಲ, ನಾವು ಅವಳ ಅಣ್ಣನ ಕಡೆಯವರು. ನಿನ್ನಪ್ಪ ಅದನ್ನು ಕೆಮ್ಮಿ ಅಳಿಸಲಾರ.

ಕತೆ ಇದು. ಊರು ಹುಟ್ಟಿದ ಹೊಸತು. ನಮ್ಮ ಗಂಡಸರು ನೆರೆನಾಡಿನ ಸಬೀನರ ಹೆಣ್ಣುಮಕ್ಕಳನ್ನು ಹೊತ್ತು ತಂದಿದ್ದರು. ಹೆಣ್ಣು ಕಳಕೊಂಡವರು ಸುಮ್ಮನಿರುತ್ತಾರೆಯೇ? ದಂಡು ಕಟ್ಟಿಕೊಂಡು ಬಂದು ಗುಡ್ಡದ ಬುಡದಲ್ಲಿ ಕೂತರು. ಮೇಲೆ ಕೋಟೆ ಕಾಯುತ್ತಿದ್ದವನು ಸ್ಪೂರಿಯಸ್ ಟಾರ್ಪೇಯಸ್. ಹೌದು, ನಿನ್ನಪ್ಪನದೇ ಹೆಸರು. ಅವನ ಮಗಳು ನೀರಿಗೆಂದು ಇಳಿದವಳು ಅವರ ಕಣ್ಣಿಗೆ ಬಿದ್ದಳು. ನಿಮ್ಮ ಎಡಗೈಯಲ್ಲಿ ಇರುವುದನ್ನು ಕೊಟ್ಟರೆ ಬಾಗಿಲು ತೆಗೆಯುತ್ತೇನೆ ಅಂದಳಂತೆ. ಅವರ ಎಡಗೈಯಲ್ಲಿ ಚಿನ್ನದ ಕಡಗವೂ ಇತ್ತು, ಗುರಾಣಿಯೂ ಇತ್ತು. ಅವಳು ಬಾಗಿಲು ತೆಗೆದಳು. ಒಳಗೆ ಬಂದವರು ಒಬ್ಬೊಬ್ಬರಾಗಿ ಗುರಾಣಿಗಳನ್ನು ಅವಳ ಮೇಲೆ ಎಸೆದು ಅವುಗಳ ಅಡಿಯಲ್ಲೇ ಕೊಂದರು. ಅಲ್ಲೇ ಹೂಳಿದರು. ಆವತ್ತಿನಿಂದ ಬಂಡೆಗೆ ಅವಳ ಹೆಸರು. ಆಮೇಲೆ ದ್ರೋಹ ಮಾಡಿದವರನ್ನು, ಸುಳ್ಳು ಸಾಕ್ಷಿ ಹೇಳಿದವರನ್ನು ಅದರ ಮೇಲಿಂದ ತಳ್ಳುವುದು ರೂಢಿಯಾಯಿತು.

ಬೀದಿಯವರು ಹೇಳುವುದು, ಅವಳು ಕಡಗಕ್ಕೆ ಬಾಯಿ ಬಿಟ್ಟಳು ಅಂತ. ನನ್ನ ಅಜ್ಜಿ ಹೇಳುತ್ತಿದ್ದದ್ದು ಬೇರೆ. ಅವಳು ಕೇಳಿದ್ದು ಗುರಾಣಿಯನ್ನೇ. ಗುರಾಣಿ ಕಿತ್ತುಕೊಂಡು ಶತ್ರುಗಳನ್ನು ಬರಿಗೈ ಮಾಡಿ, ಒಳಗೆ ಬಿಟ್ಟು ನಮ್ಮವರಿಂದ ಹೊಡೆಸಬೇಕು ಅಂತಿದ್ದಳು. ಮೇಲೆ ಕೋಟೆಗೆ ಸುದ್ದಿ ಕೊಟ್ಟು ಕಳಿಸಿದ್ದ ಆಳು ಕೈ ಕೊಟ್ಟ, ನಮ್ಮವರು ಬರಲೇ ಇಲ್ಲ. ನನಗೆ ಅಜ್ಜಿಯ ಮಾತೇ ಸರಿ ಅನಿಸುತ್ತದೆ. ಯಾಕೆಂದರೆ ದ್ರೋಹಿಗೆ ಯಾರೂ ಎಡೆ ಇಡುವುದಿಲ್ಲ. ಅವಳಿಗೆ ಇಡುತ್ತಾರೆ, ಇವತ್ತಿಗೂ.

ಫೆಬ್ರವರಿಯಲ್ಲಿ ಸತ್ತವರಿಗೆ ಎಡೆ ಇಡುವ ಹಿರಿಯರ ದಿನಗಳು ಶುರುವಾಗುವ ಹಿಂದಿನ ದಿನ ನಮ್ಮ ಮನೆಯಿಂದ ಒಬ್ಬಳು ಗುಡ್ಡ ಹತ್ತುತ್ತಾಳೆ. ಉಳಿದ ಹಿರಿಯರ ಜೊತೆ ಅವಳನ್ನು ಕೂರಿಸುವುದು ಬೇಡವೆಂದು ಯಾರು ಯಾವಾಗ ಗೆರೆ ಎಳೆದರೋ, ಅವಳಿಗೆ ಒಂದು ದಿನ ಮುಂಚೆಯೇ ಊಟ. ಒಡೆದ ಮಡಕೆಯ ಚೂರಿನ ಮೇಲೆ ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ, ಒಂದು ಚಿಟಿಕೆ ಉಪ್ಪು, ಸಿಕ್ಕಿದರೆ ನೇರಳೆ ಬಣ್ಣದ ವಯೊಲೆಟ್ ಹೂವು. ಅಜ್ಜಿ ಇಟ್ಟಳು, ಆಮೇಲೆ ನಾನು. ನನಗೆ ಮಕ್ಕಳಿಲ್ಲ. ನನ್ನ ಮೊಣಕಾಲು ಹೋದ ಮೇಲೆ ಯಾರು ಅಂತ ನೀನು ಈಗಲೇ ಯೋಚಿಸಿಕೋ.

ಒಂದು ವಿಷಯ ಗಮನಿಸಿದ್ದೀಯಾ? ಬಾಗಿಲ ಕಾವಲಿಗಿದ್ದವನು ಸ್ಪೂರಿಯಸ್. ಅವನ ಹೆಸರಿಟ್ಟುಕೊಂಡವರು ಸಭೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು, ಅವರನ್ನು ನೋಡಿ ಯಾರೂ ಕೈ ಎತ್ತಲಿಲ್ಲ. ಎತ್ತುವುದು ನಮಗೆ ಮಾತ್ರ. ಚಿಕ್ಕವಳಿದ್ದಾಗ ಈ ಬೀದಿಯ ಪ್ರತಿ ಬಾಗಿಲಲ್ಲೂ ನನಗೆ ಎಡಗೈ ಕಂಡಿದೆ. ಇನ್ನೊಮ್ಮೆ ಯಾರಾದರೂ ಎತ್ತಿದರೆ ತಲೆ ಎತ್ತಿ ಹೇಳು: ಅವಳು ಕೇಳಿದ್ದು ಗುರಾಣಿ, ನಮ್ಮತ್ತೆ ವರ್ಷ ವರ್ಷ ಎಡೆ ಇಡ್ತಾಳೆ, ಬೇಕಾದರೆ ಹೋಗಿ ನೋಡ್ಕೊಳ್ಳಿ ಅಂತ.

ನಿನ್ನಪ್ಪನ ಕಾಗದವೂ ಇದೇ ಹಡಗಿನಲ್ಲಿ ಬಂತು. ಅವನಿಗೆ ಬೇರೆ ಬರೆಯುತ್ತೇನೆ.


ನಾರ್ಬೋ,
ನವೆಂಬರ್ ಮೂರನೇ ದಿನ

ಅತ್ತೆ, ಈ ವರ್ಷದ ಕೊನೆಯ ಹಡಗು ನಾಳೆ ಹೊರಡುತ್ತದೆ, ಆಮೇಲೆ ಸಮುದ್ರ ಮುಚ್ಚಿದಂತೆ. ಅದಕ್ಕೇ ಅವಸರದ ಅಕ್ಷರ, ಬೈಯಬೇಡ.

ನಿನ್ನ ಕಾಗದವನ್ನು ಓದಿ ಓದಿ ಮಡಿಕೆಯಲ್ಲಿ ಹರಿಯುವ ಹಾಗಾಗಿದೆ. ಸ್ನಾನದ ಮನೆಯಲ್ಲಿ ಒಬ್ಬಳು ಕೈ ಎತ್ತಿದಳು. ನೀನು ಹೇಳಿಕೊಟ್ಟ ಹಾಗೇ ಹೇಳಿದೆ. ಅವಳ ಕೈ ಇಳಿಯಿತು. ಅಷ್ಟಕ್ಕೇ ಬಿಡಬಹುದಿತ್ತು, ನಾನು ಬಿಡಲಿಲ್ಲ. ಟಿಟಿನಿಯಾ ಮನೆಯಲ್ಲಿ ಮತ್ತೆ ಊಟವಿತ್ತು. ಎಲ್ಲರೂ ಇದ್ದಾಗ ನಾನೇ ಮಾತು ತೆಗೆದೆ. ಅವಳು ನಮ್ಮವಳೇ, ಕೇಳಿದ್ದು ಗುರಾಣಿ, ನಮ್ಮ ಮನೆಯವರು ಅವಳಿಗೆ ಇವತ್ತಿಗೂ ಎಡೆ ಇಡುತ್ತಾರೆ ಎಂದು ಮೊದಲಿಂದ ಕೊನೆಯತನಕ ಹೇಳಿದೆ. ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ.

ಟಿಟಿನಿಯಾ ಬಾಯಲ್ಲಿದ್ದ ಆಲಿವ್ ಬೀಜವನ್ನು ಬಟ್ಟಲಿಗೆ ಹಾಕಿ, "ಒಳ್ಳೇದು ಮಗಳೇ. ದೊಡ್ಡ ಮಾತು ಆಡಿದ್ದೀಯ. ಫೆಬ್ರವರೀಲಿ ಫಿಲೆರೋಸ್ ಅಲ್ಲೇ ಇರ್ತಾನೆ, ನೋಡ್ಕೊಂಡು ಬರ್ಲಿ" ಅಂದರು. ಅವರು ಕೋಪದಿಂದ ಹೇಳಲಿಲ್ಲ. ತಕ್ಕಡಿ ಎತ್ತುವ ಮುಂಚೆ ಅಂಗಡಿಯವರು ಮಾತಾಡುತ್ತಾರಲ್ಲ, ಹಾಗಿತ್ತು. ಡೆಸಿಮಸ್ ಆವತ್ತು ಮೊದಲ ಸಲ ಎಲ್ಲರ ಮುಂದೆ ಬಾಯಿ ಬಿಟ್ಟ. "ಗುರಾಣಿ ಕೇಳೋಕೆ ಧೈರ್ಯ ಬೇಕು" ಅಂದ. ಅತ್ತೆ, ಆ ಮಾತು ಕೇಳಿ ನನಗೆ ಅಳು ಬಂತು.

ಮನೆಗೆ ಬಂದ ಮೇಲೆ ಅಪ್ಪ ಬೈಯಲಿಲ್ಲ. ಕೈಯಲ್ಲಿದ್ದ ಬಟ್ಟಲನ್ನು ಗೋಡೆಗೆ ಎಸೆದ. ನಾನು ಒಂದು ಚೂರು ಎತ್ತಿಟ್ಟುಕೊಂಡಿದ್ದೇನೆ. ಅಂಗೈಯಷ್ಟು ಅಗಲವಿದೆ, ಎಡೆಗೆ ಸರಿಹೋಗುತ್ತದೆ.

ಈಗ ಎಲ್ಲ ನಿನ್ನ ಕೈಯಲ್ಲಿದೆ. ಫಿಲೆರೋಸ್‌ನನ್ನು ಜೊತೆಗೇ ಕರೆದುಕೊಂಡು ಗುಡ್ಡ ಹತ್ತು. ಅವನು ಕಣ್ಣಾರೆ ಕಂಡು ಬಂದು ಹೇಳಿದರೆ ವಸಂತದಲ್ಲಿ ನನಗೆ ಉಂಗುರ. ಇಲ್ಲದಿದ್ದರೆ ಇಡೀ ನಾರ್ಬೋ ಮುಂದೆ ನಾನು ಸುಳ್ಳಿ.


ರೋಮ್,
ಫೆಬ್ರವರಿ ಕೊನೆಯ ವಾರ

ಪುಟ್ಟೀ, ಫಿಲೆರೋಸ್ ನಾಳೆ ಹೊರಡುತ್ತಾನೆ. ಹಡಗು ಇನ್ನೂ ಬಿಟ್ಟಿಲ್ಲ, ರಸ್ತೆ ಹಿಡಿದೇ ಬರುತ್ತಾನೆ. ಈ ಕಾಗದ ಅವನ ಚೀಲದಲ್ಲಿದೆ.

ಚಳಿಗಾಲಕ್ಕೆ ಮುಂಚೆ ನಿನ್ನಿಂದ ಕಾಗದ ಬರುತ್ತದೆ ಅಂತ ಕಾದೆ, ಬರಲಿಲ್ಲ. ನಾನು ಅಷ್ಟೆಲ್ಲ ಬರೆದದ್ದು ನಿನಗೆ ಹಿಡಿಸಲಿಲ್ಲವೇನೋ ಅಂದುಕೊಂಡೆ. ಬಂಡೆಯ ಹುಡುಗಿ ನಮ್ಮವಳೇ ಅಂತ ಕೇಳಿ ಬೇಜಾರಾಗಿ ಸುಮ್ಮನಾಗಿರಬೇಕು. ತಪ್ಪೇನಿಲ್ಲ. ಹೊಸ ಮನೆಗೆ ಹೋಗುವ ಹುಡುಗಿ ಹಳೆಯ ಹೊರೆ ಯಾಕೆ ಹೊರಬೇಕು?

ನಿನ್ನ ಅತಿಥಿಯನ್ನು ಚೆನ್ನಾಗಿ ನೋಡಿಕೊಂಡೆ. ಬೇಯಿಸಿದ ಕಾಳು, ಹಂದಿಮಾಂಸ, ಬಿಸಿ ದ್ರಾಕ್ಷಾರಸ, ಒಂದಕ್ಕೂ ಕಡಿಮೆ ಮಾಡಲಿಲ್ಲ. ಒಳ್ಳೆಯ ಮನುಷ್ಯ. ಗೊರಕೆ ಮಾತ್ರ ನೆರೆಮನೆಗೆ ಕೇಳುತ್ತದೆ. ಕೆಳಗಿನ ಗುಡಿಗಳು, ಸಂತೆ ಎಲ್ಲ ತೋರಿಸಿದೆ. ಹಿರಿಯರ ದಿನಗಳಿಗೆ ಹಿಂದಿನ ದಿನ ಇಲ್ಲಿ ಸ್ವಲ್ಪ ಗದ್ದಲವಿತ್ತು. ಒಬ್ಬನನ್ನು ಬಂಡೆಗೆ ಕರೆದುಕೊಂಡು ಹೋದರು. ಹಿರಿಯರ ದಿನಗಳಲ್ಲಿ ಯಾರನ್ನೂ ತಳ್ಳುವ ಹಾಗಿಲ್ಲವಲ್ಲ, ಅದಕ್ಕೇ ಹಿಂದಿನ ದಿನವೇ ಅವಸರ ಮಾಡಿ ಮುಗಿಸುತ್ತಾರೆ.

ಈ ವರ್ಷ ನನ್ನ ಮೊಣಕಾಲು ಸರಿಯಿರಲಿಲ್ಲ, ಗುಡ್ಡ ಹತ್ತಲು ಆಗಲಿಲ್ಲ. ಅದನ್ನೇನೂ ದೊಡ್ಡದು ಮಾಡಬೇಡ.

ಫಿಲೆರೋಸ್ ಕೇಳಿದ್ದಕ್ಕೆಲ್ಲ ನಿನ್ನಪ್ಪ ಬಯಸಿದಂತೆಯೇ ಉತ್ತರ ಕೊಟ್ಟಿದ್ದೇನೆ. ನಿನ್ನ ಮದುವೆಗೆ ಇನ್ನು ನನ್ನಿಂದ ಅಡ್ಡಿಯಿಲ್ಲ. ಉಂಗುರ ತೊಟ್ಟ ದಿನ ಬರಿ.


ನಾರ್ಬೋ,
ಏಪ್ರಿಲ್ ಹತ್ತು

ಅತ್ತೆಯವರಿಗೆ,

ನಿಮ್ಮ ಕಾಗದ ತಲುಪಿತು. ಫಿಲೆರೋಸ್ ಕೂಡ ತಲುಪಿದ.

ಅವನು ಬಂದ ದಿನ ಟಿಟಿನಿಯಾ ನಮ್ಮನ್ನು ಊಟಕ್ಕೆ ಕರೆದಿದ್ದರು. ಹೋಗುವಾಗ ಹೊಸ ಮೇಲುಹೊದಿಕೆ ಹೊದ್ದಿದ್ದೆ. ಎಲ್ಲರೂ ಊಟದ ಮಂಚಗಳ ಮೇಲೆ ಒರಗಿಕೊಂಡ ಮೇಲೆ ಅವನನ್ನು ಕರೆಸಿ, ಕಂಡದ್ದನ್ನು ಹೇಳು ಅಂದರು. ಅವನು ಕೆಟ್ಟವನಲ್ಲ, ಕಂಡದ್ದನ್ನೇ ಹೇಳಿದ. ಕೈದಿಯನ್ನು ಗುಡ್ಡಕ್ಕೆ ಕರೆದೊಯ್ಯುವಾಗ ಬೀದಿಯ ಜನ ಎಡಗೈ ಎತ್ತಿ ಗೇಲಿ ಮಾಡುತ್ತಿದ್ದರಂತೆ. ಆ ಟಾರ್ಪೇಯಾ ನಿಮ್ಮವಳೇನಾ ಎಂದು ಅವನು ಕೇಳಿದನಂತೆ. ಎಲ್ಲಿಂದ ಬಂತು, ಹೆಸರು ಒಂದೇ ಆದರೆ ಮನೆ ಒಂದೇ ಆಗುತ್ತದೆಯೇ ಎಂದು ನೀವು ಹೇಳಿದಿರಂತೆ. ಹೇಳಿ, ಜನರ ಜೊತೆ ನೀವೂ ಎಡಗೈ ಎತ್ತಿ ನಕ್ಕಿರಂತೆ. ಹೇಗೆ ಎತ್ತಿದಿರಿ ಎಂದು ಅವನು ಎತ್ತಿ ತೋರಿಸಿದ. ಇಡೀ ಕೋಣೆ ನಕ್ಕಿತು.

ಎಡೆಯ ಬಗ್ಗೆ ಟಿಟಿನಿಯಾ ಬಿಡದೆ ಕೇಳಿದರು. ತಾನು ಅಲ್ಲಿದ್ದ ಹತ್ತು ದಿನವೂ ನೀವು ಗುಡ್ಡದ ಕಡೆ ಹೋಗಲಿಲ್ಲ, ಮೊಣಕಾಲು ಚೆನ್ನಾಗಿಯೇ ಇತ್ತು, ಸಂತೆಯಲ್ಲಿ ತನಗಿಂತ ಮುಂದೆ ನಡೆಯುತ್ತಿದ್ದಿರಿ ಅಂದ.

ಟಿಟಿನಿಯಾ ನನಗೆ ಹೇಳಿದ್ದು ಇಷ್ಟು: "ಬಂಡೆ ಹೆಸರಿನ ಮನೆಯ ಹೆಣ್ಣನ್ನಾದ್ರೂ ತಂದ್ಕೊಂಡೇನು. ಊಟಕ್ಕೆ ಕೂತು ಕತೆ ಕಟ್ಟೋ ಹೆಣ್ಣು ನನಗೆ ಬೇಡ." ಮರುದಿನ ಅವರ ಮನೆಯಿಂದ ಬೇಡವೆಂದು ಹೇಳಿಕಳಿಸಿದರು.

ನಿಮಗೆ ಹಾಗೆ ಹೇಳಲು ಬರೆದಿದ್ದು ತಾನೇ ಎಂದು ಅಪ್ಪ ಒಪ್ಪಿಕೊಂಡ. ಅಪ್ಪನ ವಿಷಯ ಬಿಡಿ, ಅವನು ಮೊದಲಿಂದ ಕೆಮ್ಮುತ್ತಿದ್ದವನು. ಆದರೆ ನಾನು ಏನು ಪಣಕ್ಕಿಟ್ಟಿದ್ದೇನೆ ಎಂದು ನವೆಂಬರಿನಲ್ಲೇ ನಿಮಗೆ ಬರೆದಿದ್ದೆ. ಆ ಕಾಗದ ಬರಲೇ ಇಲ್ಲ ಅನ್ನುತ್ತೀರಿ, ನಂಬುವುದು ಹೇಗೆ? ತಲೆ ಎತ್ತಿ ಹೇಳು ಎಂದು ಹೇಳಿಕೊಟ್ಟವರು ನೀವು. ಆ ಹುಡುಗಿ ಕಡಗ ಕೇಳಿದಳೋ ಗುರಾಣಿ ಕೇಳಿದಳೋ ಎಂದು ನಾನು ಇನ್ನು ಕೇಳುವುದಿಲ್ಲ. ನಿಮ್ಮ ಬಗ್ಗೆ ಕೇಳುತ್ತಿದ್ದೇನೆ. ಅಕ್ಟೋಬರಿನಲ್ಲಿ ಬರೆದವರು ನೀವೋ, ಫೆಬ್ರವರಿಯಲ್ಲಿ ಕೈ ಎತ್ತಿದವರು ನೀವೋ?


ರೋಮ್,
ಮೇ ಹದಿನಾಲ್ಕು

ಪುಟ್ಟೀ,

ನಿನ್ನ ಎರಡು ಕಾಗದಗಳು ಒಂದೇ ದಿನ ಬಂದವು. ನವೆಂಬರಿನ ಹಡಗು ಬಿರುಗಾಳಿಗೆ ಸಿಕ್ಕಿ ಕಾರ್ಸಿಕಾ ಬಂದರಿನಲ್ಲಿ ಚಳಿಗಾಲ ಕಳೆದು ಬಂದಿದೆ. ಕಾಗದದ ಮೂಲೆಯನ್ನು ಇಲಿ ಕಡಿದಿದೆ. ಏಪ್ರಿಲಿನದು ಕೈಗೆ ಮೊದಲು ಸಿಕ್ಕಿತು, ಅದನ್ನು ಮೊದಲು ಓದಿದೆ. ನನ್ನನ್ನು "ನೀವು" ಅಂತ ಬರೆದಿದ್ದೀಯ. ಆಮೇಲೆ ನವೆಂಬರಿನದು ಓದಿದೆ. ಅದರಲ್ಲಿ "ನೀನು" ಅಂತಿತ್ತು, ಎಲ್ಲ ನಿನ್ನ ಕೈಯಲ್ಲಿದೆ ಅಂತಿತ್ತು. ಮತ್ತೆ ಏಪ್ರಿಲಿನದನ್ನು ತೆಗೆದು ಓದಲು ನನಗೆ ಆಗಲಿಲ್ಲ.

ನಿನ್ನ ಕಾಗದ ಸಿಕ್ಕಿರಲಿಲ್ಲ, ಗೊತ್ತಿರಲಿಲ್ಲ ಅನ್ನಬಹುದು. ಅದು ನಿಜವೇ. ನೀನು ನಾಚಿ ಸುಮ್ಮನಾಗಿದ್ದೀಯ ಅಂದುಕೊಂಡಿದ್ದೆ. ನಿನ್ನಪ್ಪ ನನಗೆ ಬರೆದಿದ್ದ, "ಅವಳು ನಮ್ಮವಳು ಅಂತ ನೀನು ಅಂದರೆ ಮಗುವಿನ ಮದುವೆ ನಿಲ್ಲುತ್ತದೆ, ಆಮೇಲೆ ನಿನ್ನ ಎಡೆ ನೀನೇ ಉಣ್ಣು" ಅಂತ. ನಿನಗಾಗಿ ಮಾಡಿದೆ ಅಂತ ಮೂರು ತಿಂಗಳು ನನಗೆ ನಾನೇ ಹೇಳಿಕೊಂಡೆ. ಆದರೆ ನಡೆದದ್ದನ್ನು ಪೂರ್ತಿ ಬರೆದರೆ ಆ ಮಾತು ನಿಲ್ಲುವುದಿಲ್ಲ. ಬರೆಯುತ್ತೇನೆ.

ಆವತ್ತು ಬೆಳಿಗ್ಗೆ ಎಡೆ ಸಿದ್ಧ ಮಾಡಿಕೊಂಡಿದ್ದೆ. ಫಿಲೆರೋಸ್ ಏಳುವ ಮುಂಚೆ ಹೋಗಿ ಬಂದುಬಿಡೋಣ ಅಂತ. ನಿನ್ನಪ್ಪನಿಗೂ ಸರಿ, ಅವಳಿಗೂ ಸರಿ, ಇಬ್ಬರನ್ನೂ ಸಂಭಾಳಿಸುವ ಜಾಣತನ. ಬಾಗಿಲಲ್ಲೇ ಅವನು ಎದುರಾದ, ನಾನೂ ಬರ್ತೀನಿ ಅಂದ. ಮಡಕೆಯ ಚೂರನ್ನು ಎಡಗೈಯಲ್ಲಿ ಹಿಡಿದು ಹೊದಿಕೆಯೊಳಗೆ ಮುಚ್ಚಿಕೊಂಡೆ.

ಬೀದಿಯ ತಿರುವಿನಲ್ಲಿ ಮೆರವಣಿಗೆ ಸಿಕ್ಕಿತು. ಕೈದಿ ವಯಸ್ಸಾದವನು. ಯಾರದೋ ಜಮೀನಿನ ವ್ಯಾಜ್ಯದಲ್ಲಿ ಸುಳ್ಳು ಸಾಕ್ಷಿ ಹೇಳಿದವನಂತೆ. ಒಂದು ಕಾಲಿನ ಚಪ್ಪಲಿ ಬಿದ್ದುಹೋಗಿತ್ತು, ಅದಕ್ಕಾಗಿ ಹಿಂದೆ ತಿರುಗಿ ನೋಡುತ್ತಿದ್ದ. ಜನ ಎಡಗೈ ಎತ್ತಿ, "ಹೋಗಪ್ಪ ಹೋಗು, ಟಾರ್ಪೇಯಾ ಹಾಸಿಗೆ ಹಾಸಿದ್ದಾಳೆ" ಅಂತ ಕೂಗುತ್ತಿದ್ದರು. ಅಡುಗೆ ಅಂಗಡಿಯ ಪ್ರಿಮಿಲ್ಲಾ, ನಾನು ದಿನಾ ಮಾತಾಡುವವಳು, ಅವಳೂ ಎತ್ತಿದ್ದಳು. ಆಗ ಫಿಲೆರೋಸ್ ಕೇಳಿದ. ನಾನು ಇಲ್ಲವೆಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿನ್ನಪ್ಪ ಕೇಳಿದ್ದೂ ಅಷ್ಟೇ.

ಆದರೆ ಪ್ರಿಮಿಲ್ಲಾ ನನ್ನ ಕಡೆ ನೋಡಿದಳು, ಅವಳ ಪಕ್ಕದವರು ನೋಡಿದರು. ಪುಟ್ಟೀ, ನನ್ನ ಎಡಗೈಯಲ್ಲಿ ಎಡೆ ಇತ್ತು. ಅದನ್ನು ಹೊದಿಕೆಯೊಳಗೇ ಬಲಗೈಗೆ ದಾಟಿಸಿ, ಎಡಗೈ ಖಾಲಿ ಮಾಡಿಕೊಂಡು ಎತ್ತಿದೆ. ಕೈ ತಾನಾಗಿ ಎದ್ದಿತು ಅಂತ ಹೇಳುವ ಹಾಗಿಲ್ಲ. ಕೈ ಬದಲಾಯಿಸುವಷ್ಟು ಹೊತ್ತು ನನಗಿತ್ತು. ಎತ್ತಿದಾಗ ಹಗುರವಾಯಿತು. ಐದು ವರ್ಷದವಳಿದ್ದಾಗಿನಿಂದ ನನ್ನ ಕಡೆ ಎತ್ತಿದ ಕೈಗಳ ನಡುವೆ ನನ್ನ ಕೈಯೂ ಸೇರಿತು. ಬೀದಿಯವರು ನನ್ನನ್ನು ತಮ್ಮವಳೆಂಬಂತೆ ನೋಡಿ ನಕ್ಕರು, ನನಗೆ ಅದು ಹಿತವಾಗಿತ್ತು. ನಾಚಿಕೆ ನನಗೆ ಇದಕ್ಕೇ, ಹೇಳಿದ ಸುಳ್ಳಿಗಲ್ಲ.

ಸ್ವಲ್ಪ ಹೊತ್ತಿಗೆ ಮೇಲಿಂದ ಸದ್ದು ಬಂತು. ಈ ಬೀದಿಯವರಿಗೆ ಆ ಸದ್ದು ಗೊತ್ತು. ಸುಳ್ಳು ಸಾಕ್ಷಿ ಹೇಳಿದವನು ಬಿದ್ದ, ಕೆಳಗೆ ನಿಂತು ಸುಳ್ಳು ಸಾಕ್ಷಿ ಹೇಳಿದ ನಾನು ಅತಿಥಿಗೆ ಸಂತೆ ತೋರಿಸಲು ಹೋದೆ. ಕೈ ಬದಲಾಯಿಸುವಾಗ ಚೂರು ವಾಲಿ ದ್ರಾಕ್ಷಾರಸ ನನ್ನ ಬಟ್ಟೆಯ ಮೇಲೆ ಹರಿದಿತ್ತು. ಏನಮ್ಮ ಇದು ಅಂತ ಫಿಲೆರೋಸ್ ಕೇಳಿದ. ಅಂಗಡಿಯಲ್ಲಿ ಚೆಲ್ಲಿತು ಅಂದೆ. ರೊಟ್ಟಿಯನ್ನು ಮೋರಿಗೆ ಹಾಕಿದೆ. ಆಮೇಲಿನ ದಿನಗಳಲ್ಲಾದರೂ ಹತ್ತಬಹುದಿತ್ತು, ಅವನು ನೋಡುತ್ತಾನೆಂದು ಹತ್ತಲಿಲ್ಲ. ಹೀಗೆ ಈ ವರ್ಷ ಅವಳಿಗೆ ಊಟವಿಲ್ಲ.

ಎಡೆ ಸಿಗದವರು ಮೇ ತಿಂಗಳಲ್ಲಿ ಮನೆಯೊಳಗೆ ಬರುತ್ತಾರೆ. ಬರಿಗಾಲಲ್ಲಿ ಓಡಾಡಿ, ಕಪ್ಪು ಅವರೆಕಾಳನ್ನು ಬೆನ್ನ ಹಿಂದೆ ಎಸೆದು, ಇದನ್ನು ತಗೊಂಡು ನಮ್ಮನ್ನು ಬಿಡಿ ಎಂದು ಅವರನ್ನು ಕಳಿಸುವುದು ಪದ್ಧತಿ. ನಿನ್ನೆಗೆ ಆ ದಿನಗಳು ಮುಗಿದವು. ನಾನು ಕಾಳು ಎಸೆಯಲಿಲ್ಲ. ಒಮ್ಮೆ ಬೀದಿಯಲ್ಲಿ ಅಟ್ಟಿದವಳನ್ನು ಮನೆಯಿಂದಲೂ ಅಟ್ಟಲು ಮನಸ್ಸು ಬರಲಿಲ್ಲ.

ಮುಂದಿನ ಹಡಗಿಗೆ ನಾನು ನಾರ್ಬೋಗೆ ಬರುತ್ತೇನೆ. ಟಿಟಿನಿಯಾಳ ಊಟದ ಕೋಣೆಯಲ್ಲಿ ನಿಂತು, ಸುಳ್ಳು ಹೇಳಿದವಳು ನಾನು, ಮಗು ಹೇಳಿದ್ದೆಲ್ಲ ನಿಜ ಎಂದು ಹೇಳುತ್ತೇನೆ. ಬೇಕಾದರೆ ನನ್ನ ಮುಖಕ್ಕೆ ಎಲ್ಲರೂ ಎ‌ಡಗೈ ಎತ್ತಲಿ.


ನಾರ್ಬೋ,
ಜೂನ್ ಒಂಬತ್ತು

ಅತ್ತೆ,

ಬರಬೇಡ. ಡೆಸಿಮಸ್‌ಗೆ ಬೇರೆ ಹೆಣ್ಣು ಗೊತ್ತಾಗಿದೆ. ಉಂಗುರವೂ ತೊಡಿಸಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ನೀನು ಬಂದು ಟಿಟಿನಿಯಾ ಮುಂದೆ ಮಗು ಹೇಳಿದ್ದೆಲ್ಲ ನಿಜ ಅಂದರೆ ನನಗೆ ನೆಲದೊಳಗೆ ಇಳಿದುಹೋಗುವ ಹಾಗಾಗುತ್ತದೆ. ಏಪ್ರಿಲಿನ ಕಾಗದದಲ್ಲಿ ನಾನು ಒಂದನ್ನು ಬರೆಯಲಿಲ್ಲ.

ಫಿಲೆರೋಸ್ ನಿನ್ನ ಹಾಗೆ ಕೈ ಎತ್ತಿ ತೋರಿಸಿದಾಗ ಕೋಣೆ ನಕ್ಕಿತು ಅಂತ ಬರೆದೆ. ನಕ್ಕದ್ದು ಮಾತ್ರವಲ್ಲ, ಒಬ್ಬೊಬ್ಬರಾಗಿ ಎಲ್ಲರೂ ಎಡಗೈ ಎತ್ತಿದರು. ಅಪ್ಪನೂ ಎತ್ತಿದ. ಟಿಟಿನಿಯಾ ನನ್ನನ್ನೇ ನೋಡುತ್ತಿದ್ದರು. ನಾನೂ ಎತ್ತಿದೆ ಅತ್ತೆ. ಎತ್ತಿ ನಕ್ಕೆ. ನನ್ನ ಕೈಯಲ್ಲಿ ಬದಲಾಯಿಸಲು ಎಡೆಯೂ ಇರಲಿಲ್ಲ. ನಿನಗಾದ ಹಾಗೇ ನನಗೂ ಹಗುರವಾಯಿತು. ನೀನು ಅದನ್ನು ಬರೆದದ್ದು ಓದಿ, ನನ್ನೊಳಗೆ ಯಾರೋ ಇಣುಕಿ ನೋಡಿದಂತಾಗಿ ಕಾಗದ ಮಡಚಿಟ್ಟೆ.

ಆ ಕೋಣೆಯಲ್ಲಿ ಕೈ ಎತ್ತದೆ ಕೂತವನು ಒಬ್ಬನೇ, ಡೆಸಿಮಸ್. ಅವನು ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದ. ಟಿಟಿನಿಯಾ ಕತೆ ಕಟ್ಟೋ ಹೆಣ್ಣು ಅಂದದ್ದು ನಿಜ. ಆದರೆ ನಾವು ಹೊರಟ ಮೇಲೆ ಅವರ ಮನಸ್ಸು ಮೆತ್ತಗಾಗಿತ್ತಂತೆ, ಹುಡುಗಿ ಚಿಕ್ಕವಳು, ಬಿಡು ಅಂದಿದ್ದರಂತೆ. ಬೇಡವೆಂದು ಹೇಳಿಕಳಿಸಿದವನು ಡೆಸಿಮಸ್. ಬಂದ ಆಳು ಅವನ ಮಾತನ್ನು ಹಾಗೇ ಒಪ್ಪಿಸಿದ: "ಗುರಾಣಿ ಕೇಳಿದ್ಲು ಅಂದೋಳೂ ಅವಳೇ, ಕೈ ಎತ್ತಿದೋಳೂ ಅವಳೇ. ನಾಳೆ ನನ್ನ ಮೇಲೂ ಎತ್ತುತ್ತಾಳೆ."

ಅದನ್ನು ನುಂಗಿಕೊಂಡು, ಎಲ್ಲ ನಿನ್ನ ತಲೆಗೆ ಕಟ್ಟಿ, ನೀವು ನೀವು ಅಂತ ನಿನಗೆ ಬರೆದೆ. ಬರೆಯುವಾಗ ಅದೂ ಹಗುರವಾಗಿತ್ತು.

ಅವಳು ಏನು ಕೇಳಿದಳೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವಳು ಒಳ್ಳೆಯವಳಾಗಿದ್ದರೆ ಮಾತ್ರ ನಮ್ಮವಳು ಅಂತ ನಾವಿಬ್ಬರೂ ಅಂದುಕೊಂಡಿದ್ದೆವು. ಈಗ ಅವಳು ಕಡಗವನ್ನೇ ಕೇಳಿದ್ದರೂ ನನಗೆ ಅಡ್ಡಿಯಿಲ್ಲ. ನಾವು ಅಷ್ಟನ್ನೂ ಕೇಳದೆ, ಬರೀ ನಾಲ್ಕು ಜನರ ನಗುವಿಗೆ ಬಾಗಿಲು ತೆಗೆದವರು.

ಆಗಸ್ಟಿನ ಹಡಗಿಗೆ ನಾನೇ ಬರುತ್ತೇನೆ. ಅಪ್ಪ ಒಪ್ಪಿಯಾಯಿತು, ಈ ಊರಿನಲ್ಲಿ ನನ್ನನ್ನು ಇಟ್ಟುಕೊಳ್ಳಲು ಅವನಿಗೂ ಮುಖವಿಲ್ಲ. ಅವನು ಒಡೆದ ಬಟ್ಟಲಿನ ಚೂರು ನನ್ನ ಪೆಟ್ಟಿಗೆಯಲ್ಲಿದೆ. ಫೆಬ್ರವರಿಯಲ್ಲಿ ಇಬ್ಬರೂ ಹತ್ತೋಣ, ಬೀದಿ ತುಂಬ ಜನ ಇರುವ ಹೊತ್ತಿಗೇ. ಚೂರನ್ನು ಹೊದಿಕೆಯ ಹೊರಗೆ, ಎಡಗೈಯಲ್ಲೇ ಹಿಡಿದುಕೊಳ್ಳುತ್ತೇನೆ. ಕೈ ಬದಲಾಯಿಸಲು ಹೋದರೆ ನೀನು ಹಿಡಿದುಕೋ. ನಿನ್ನ ಕೈಯನ್ನು ನಾನು ಹಿಡಿದುಕೊಂಡಿರುತ್ತೇನೆ. ನನ್ನ ಮೇಲೆ ನನಗೆ ಇನ್ನೂ ನಂಬಿಕೆ ಬಂದಿಲ್ಲ.